ಇಂಟರ್‌ಕಾಮ್ ರಿಲೇಗೆ ಏನೇನು ಜೋಡಿಸಬಹುದು?

ಪ್ರಶ್ನೆ: ಬಾಗಿಲ ಬಳಿಯ ಇಂಟರ್‌ಕಾಮ್ ಫಲಕದ ಹಿಂದೆ ಎನ್‌ಓ, ಕಾಮ್, ಎನ್‌ಸಿ ಎಂದು ಮೂರು ಟರ್ಮಿನಲ್ ಇವೆ. ಲಾಕ್‌ನ ಎರಡು ವೈರ್‌ಗಳನ್ನು ಕಾಮ್ ಮತ್ತು ಎನ್‌ಓಗೆ ಸಿಕ್ಕಿಸಿದ್ದೇನೆ. ಒಳಗಿಂದ ಬಟನ್ ಒತ್ತಿದಾಗ ಫಲಕದಲ್ಲಿ ‘ಟಿಕ್’ ಎನ್ನುತ್ತದೆ, ಲಾಕ್ ಮಾತ್ರ ಅಲುಗುವುದಿಲ್ಲ.

ಉತ್ತರ: ರಿಲೇ (ಫಲಕದೊಳಗಿನ, ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕೆಲಸ ಮಾಡುತ್ತಿದೆ, ಆದರೆ ಲಾಕ್‌ಗೆ ಕರೆಂಟೇ ಸಿಗುತ್ತಿಲ್ಲ. ಈ ಮೂರು ಟರ್ಮಿನಲ್‌ಗಳು ಸಾಮಾನ್ಯವಾಗಿ ಬರೀ ಸ್ವಿಚ್: ಕಾಮ್ ಎರಡಕ್ಕೂ ಸಾಮಾನ್ಯವಾದ ತುದಿ, ಎನ್‌ಓ ರಿಲೇ ಚಾಲೂ ಆದಾಗ ಮಾತ್ರ ಕಾಮ್‌ಗೆ ಕೂಡುತ್ತದೆ, ಎನ್‌ಸಿ ಸದಾ ಕೂಡಿದ್ದು ಆಗ ಬಿಡುತ್ತದೆ. ಅವುಗಳಿಂದ ವೋಲ್ಟೇಜ್ ಹೊರಬರುವುದಿಲ್ಲ. ಲಾಕ್‌ಗೆ ಅದರದೇ 12 ವೋಲ್ಟ್ ಡಿಸಿ ಅಡಾಪ್ಟರ್ ಬೇಕು. ಅಡಾಪ್ಟರ್‌ನ ಪ್ಲಸ್ ವೈರನ್ನು ಕಾಮ್‌ಗೆ ತನ್ನಿ, ಎನ್‌ಓದಿಂದ ಲಾಕ್‌ನ ಪ್ಲಸ್‌ಗೆ ಒಯ್ಯಿರಿ, ಲಾಕ್‌ನ ಮೈನಸ್ ನೇರವಾಗಿ ಅಡಾಪ್ಟರ್‌ನ ಮೈನಸ್‌ಗೆ ಹೋಗಲಿ.

ಇದು ಕರೆಂಟ್ ಕೊಟ್ಟಾಗ ತೆರೆಯುವ ಸ್ಟ್ರೈಕ್ ಲಾಕ್‌ಗೆ. ಮ್ಯಾಗ್ನೆಟ್ ಲಾಕ್‌ನದು ತದ್ವಿರುದ್ಧ: ಕರೆಂಟ್ ಇರುವಷ್ಟು ಹೊತ್ತು ಹಿಡಿದಿರುತ್ತದೆ, ಹೋದ ಕೂಡಲೇ ಬಿಡುತ್ತದೆ. ಅದನ್ನು ಕಾಮ್ ಮತ್ತು ಎನ್‌ಸಿ ನಡುವೆ ಹಾಕಬೇಕು. ತಪ್ಪಿ ಎನ್‌ಓಗೆ ಹಾಕಿದರೆ ಬಾಗಿಲು ಸದಾ ತೆರೆದಿದ್ದು, ಬಟನ್ ಒತ್ತಿದಾಗ ಮಾತ್ರ ಭದ್ರವಾಗುತ್ತದೆ.

ವೈರ್ ಬಿಗಿಯುವ ಮೊದಲು ಒಂದು ಪರೀಕ್ಷೆ ಮಾಡಿ. ಕೆಲವು ಫಲಕಗಳು ಲಾಕ್‌ಗೆಂದೇ ತಮ್ಮ ಟರ್ಮಿನಲ್‌ನಿಂದ 12 ವೋಲ್ಟ್ ಕೊಡುತ್ತವೆ. ಬಟನ್ ಒತ್ತಿ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ನೋಡಿ. ಸೊನ್ನೆ ಬಂದು, ಆಮೇಲೆ ಕಂಟಿನ್ಯುಯಿಟಿಯಲ್ಲಿ (ಎರಡು ತುದಿ ಕೂಡಿವೆಯೇ ಎಂದು ನೋಡುವ ಕ್ರಮ) ‘ಬೀಪ್’ ಎಂದರೆ ಅದು ಬರೀ ಸ್ವಿಚ್. 12 ವೋಲ್ಟ್ ತೋರಿಸಿದರೆ ಅಲ್ಲಿಗೆ ಇನ್ನೊಂದು ಅಡಾಪ್ಟರ್ ಸೇರಿಸಲೇಬೇಡಿ.

ಪ್ರಶ್ನೆ: ಲಾಕ್ ತೆರೆಯುತ್ತದೆ, ಆದರೆ ಕೆಲವೊಮ್ಮೆ ಅದೇ ಕ್ಷಣದಲ್ಲಿ ಇಂಟರ್‌ಕಾಮ್ ಆರಿ ಮತ್ತೆ ಶುರುವಾಗುತ್ತದೆ. ಈಗೀಗ ರಿಲೇ ಅಂಟಿಕೊಂಡು ಬಾಗಿಲು ತೆರೆದೇ ಉಳಿಯುವುದೂ ಇದೆ.

ಉತ್ತರ: ಎರಡಕ್ಕೂ ಒಂದೇ ಮೂಲವಿರಬಹುದು. ಲಾಕ್ ಒಳಗಿನ ಕಾಯಿಲ್‌ನ (ತಂತಿ ಸುರುಳಿಯ) ಕರೆಂಟ್ ತಟ್ಟನೆ ಕಡಿದಾಗ ಅದು ನೂರಾರು ವೋಲ್ಟ್‌ನ ಏಟನ್ನು ಹಿಂದಕ್ಕೆ ಎಸೆಯುತ್ತದೆ. ಆ ಏಟು ರಿಲೇಯ ಸಂಪರ್ಕಗಳ ನಡುವೆ ಕಿಡಿಯಾಗಿ ಹಾರಿ, ದಿನದಿನಕ್ಕೆ ಅವನ್ನು ಸುಡುತ್ತದೆ. ಕೊನೆಗೆ ಅವು ಬೆಸೆದುಕೊಳ್ಳುತ್ತವೆ. ಫಲಕದ ಪ್ರೊಸೆಸರ್ ಗಲಿಬಿಲಿಗೊಂಡು ರೀಸ್ಟಾರ್ಟ್ ಆಗುವುದೂ ಇದರಿಂದಲೇ.

1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಒಂದನ್ನು ಲಾಕ್‌ನ ಎರಡು ವೈರ್‌ಗಳ ನಡುವೆ ಹಾಕಿ. ಪಟ್ಟಿ ಇರುವ ತುದಿ ಪ್ಲಸ್ ಕಡೆಗಿರಲಿ. ತಿರುಗುಮುರುಗಾದರೆ ಅಡಾಪ್ಟರ್ ಶಾರ್ಟ್ ಆಗುತ್ತದೆ. ಡಯೋಡ್ ಇರಬೇಕಾದ್ದು ಲಾಕ್‌ನ ಪಕ್ಕದಲ್ಲಿ, ಫಲಕದ ಹತ್ತಿರವಲ್ಲ. ಏಟು ಹುಟ್ಟುವ ಜಾಗದಲ್ಲೇ ಅದು ಅಡಗಬೇಕು. ಎಸಿಯಲ್ಲಿ ನಡೆಯುವ, ‘ಗುರ್’ ಎನ್ನುವ ಹಳೆಯ ಲಾಕ್‌ಗೆ ಡಯೋಡ್ ಸಲ್ಲದು, ವೋಲ್ಟೇಜ್ ಮಿತಿಮೀರಿದಾಗ ಏಟನ್ನು ಹೀರಿಕೊಳ್ಳುವ ವ್ಯಾರಿಸ್ಟರ್ ಹಾಕಿ. ಮ್ಯಾಗ್ನೆಟ್ ಲಾಕ್‌ಗಳಲ್ಲಿ ಇಂಥ ರಕ್ಷಣೆ ಸಾಮಾನ್ಯವಾಗಿ ಒಳಗೇ ಇರುತ್ತದೆ. ಮೇಲಿಂದ ಮತ್ತೊಂದು ಡಯೋಡ್ ಹಾಕಿದರೆ ಲಾಕ್ ಬಿಡುವುದು ತುಸು ತಡವಾಗುತ್ತದೆ.

ಡಯೋಡ್ ಹಾಕಿದ ಮೇಲೂ ರೀಸ್ಟಾರ್ಟ್ ನಿಲ್ಲದಿದ್ದರೆ, ಲಾಕ್ ಕೂಡ ಫಲಕದ ವಿದ್ಯುತ್ತಿನಲ್ಲೇ ನಡೆಯುತ್ತಿದೆಯೇ ನೋಡಿ. ಸಾಮಾನ್ಯ ಪಿಓಇಯಲ್ಲಿ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಕಳಿಸುವ ವ್ಯವಸ್ಥೆ) ಉಪಕರಣಕ್ಕೆ ತಲುಪುವುದು ಹೆಚ್ಚೆಂದರೆ 12.95 ವಾಟ್. ಅರ್ಧ ಆಂಪಿಯರ್ ಎಳೆಯುವ 12 ವೋಲ್ಟ್ ಲಾಕ್ ಒಂದೇ ಅದರಲ್ಲಿ 6 ವಾಟ್ ನುಂಗುತ್ತದೆ. ಲಾಕ್‌ಗೆ ಬೇರೆ ಅಡಾಪ್ಟರ್ ಕೊಡುವುದೇ ದಾರಿ. ಈಗಾಗಲೇ ಅಂಟಿಕೊಳ್ಳುತ್ತಿರುವ ರಿಲೇ ಮಾತ್ರ ಚೇತರಿಸಿಕೊಳ್ಳುವುದಿಲ್ಲ, ಅದನ್ನು ಬದಲಿಸಿ.

ಪ್ರಶ್ನೆ: ಅಡಾಪ್ಟರ್‌ನಿಂದ ಲಾಕ್ 40 ಮೀಟರ್ ದೂರ. ಅಡಾಪ್ಟರ್‌ನಲ್ಲಿ 12 ವೋಲ್ಟ್ ಸರಿಯಾಗಿ ಬರುತ್ತಿದೆ, ಆದರೂ ಲಾಕ್ ಅರೆಬರೆ ತೆರೆಯುತ್ತದೆ.

ಉತ್ತರ: ವೋಲ್ಟೇಜ್ ಅಳೆಯಬೇಕಾದ್ದು ಲಾಕ್‌ನ ಬುಡದಲ್ಲಿ, ಅದು ಕರೆಂಟ್ ಎಳೆಯುತ್ತಿರುವಾಗ. ಹೋಗಿಬರುವ ತಾಮ್ರ ಒಟ್ಟು 80 ಮೀಟರ್. ಅರ್ಧ ಆಂಪಿಯರ್‌ಗೆ 0.5 ಚದರ ಮಿಲಿಮೀಟರ್ ವೈರ್‌ನಲ್ಲಿ ಸುಮಾರು 1.4 ವೋಲ್ಟ್ ಕಳೆದುಹೋಗುತ್ತದೆ. ನೆಟ್‌ವರ್ಕ್ ಕೇಬಲ್‌ನ ಒಂದೊಂದೇ ಎಳೆ ಬಳಸಿದ್ದರೆ 3 ವೋಲ್ಟ್‌ಗೂ ಹೆಚ್ಚು. 1.5 ಚದರ ಮಿಲಿಮೀಟರ್ ವೈರ್ ಎಳೆದರೆ ನಷ್ಟ ಅರ್ಧ ವೋಲ್ಟ್‌ಗೆ ಇಳಿಯುತ್ತದೆ.

ಪ್ರಶ್ನೆ: ಅದೇ ರಿಲೇಯಿಂದ ಗೇಟ್ ಮೋಟರ್ ಮತ್ತು ಅಂಗಳದ ದೀಪಗಳನ್ನೂ ನಡೆಸಬಹುದೇ?

ಉತ್ತರ: ಗೇಟ್ ಸುಲಭ. ಮೋಟರ್‌ನ ಕಂಟ್ರೋಲ್ ಬೋರ್ಡ್‌ನಲ್ಲಿ ಹೊರಗಿನ ಪುಷ್ ಬಟನ್‌ಗೆಂದು ಎರಡು ಟರ್ಮಿನಲ್ ಇರುತ್ತವೆ. ಕಾಮ್ ಮತ್ತು ಎನ್‌ಓವನ್ನು ಅಲ್ಲಿಗೆ ಜೋಡಿಸಿ, ನಡುವೆ ಅಡಾಪ್ಟರ್ ಬೇಡ. ಹೊರಗಿನ ವೋಲ್ಟೇಜ್ ಹೋದರೆ ಆ ಬೋರ್ಡ್ ಸುಡಬಹುದು. ಹಾಗಾಗಿ ಲಾಕ್‌ಗೆ ಬಳಸಿದ ರಿಲೇಯನ್ನೇ ಗೇಟ್‌ಗೂ ಹಂಚಬೇಡಿ. ಎರಡನೇ ರಿಲೇ ಬಳಸಿ. ಅದರ ಅವಧಿಯನ್ನು 1 ಸೆಕೆಂಡಿಗೆ ಇಡಿ. ರಿಲೇ ‘ಲ್ಯಾಚ್’ ಕ್ರಮದಲ್ಲಿದ್ದರೆ (ಒಮ್ಮೆ ಚಾಲೂ ಆದರೆ ಹಾಗೇ ಉಳಿಯುವುದು) ಬೋರ್ಡ್‌ಗೆ ಬಟನ್ ಒತ್ತಿಹಿಡಿದಂತೆ ಕಾಣುತ್ತದೆ, ಗೇಟ್ ತಾನಾಗಿ ಮುಚ್ಚುವುದೇ ಇಲ್ಲ.

ದೀಪಗಳದ್ದು ಅಪಾಯದ ವಿಚಾರ. ಫಲಕದ ರಿಲೇ ಸಾಮಾನ್ಯವಾಗಿ 30 ವೋಲ್ಟ್ ಡಿಸಿ, 1 ಆಂಪಿಯರ್ ಆಸುಪಾಸಿನದು. 230 ವೋಲ್ಟನ್ನು ಅದರೊಳಗೆ ತರಲೇಬೇಡಿ: ಮಳೆಗೆ ಒಡ್ಡಿಕೊಂಡ, ಜನ ಬೆರಳಿಟ್ಟು ಒತ್ತುವ ಫಲಕ ಅದು. ಎಲ್‌ಇಡಿ ದೀಪಗಳು ಹೊತ್ತಿಕೊಳ್ಳುವ ಕ್ಷಣ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುವುದರಿಂದ ಸಣ್ಣ ಸಂಪರ್ಕಗಳು ಬೇಗ ಬೆಸೆದುಕೊಳ್ಳುತ್ತವೆ ಕೂಡ. ಮನೆಯೊಳಗಿನ ಬೋರ್ಡ್‌ನಲ್ಲಿ 12 ವೋಲ್ಟ್ ಕಾಯಿಲ್‌ನ, ದೀಪದ ಹೊರೆ ತಡೆಯುವ ಇನ್ನೊಂದು ರಿಲೇ ಕೂರಿಸಿ. ಫಲಕದ ರಿಲೇ ಆ ಕಾಯಿಲನ್ನಷ್ಟೇ ನಡೆಸಲಿ. ಕಾಯಿಲ್‌ಗೆ ನೂರು ಮಿಲಿಆಂಪಿಯರ್ ಒಳಗೇ ಸಾಕು, ಅದಕ್ಕೂ ಡಯೋಡ್ ಬೇಕು. ದೀಪ ಮೂರು ನಿಮಿಷ ಉರಿಯಬೇಕಾದರೆ ಆಫ್-ಡಿಲೇ ಟೈಮರ್ ಹಾಕಿ. 230 ವೋಲ್ಟ್ ಕಡೆಯ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಪ್ರಶ್ನೆ: ಹೊರಗಿನ ಫಲಕವನ್ನೇ ಕಿತ್ತು ವೈರ್ ಮುಟ್ಟಿಸಿದರೆ ಬಾಗಿಲು ತೆರೆಯುವುದಿಲ್ಲವೇ?

ಉತ್ತರ: ತೆರೆಯುತ್ತದೆ. ಕಾಮ್, ಎನ್‌ಓ ವೈರ್‌ಗಳನ್ನು ಒಂದಕ್ಕೊಂದು ತಾಗಿಸಿದರೆ ಸಾಕು, ಯಾವ ಕೋಡೂ ಬೇಡ. ಮ್ಯಾಗ್ನೆಟ್ ಲಾಕ್ ಆದರೆ ಒಂದು ವೈರ್ ಕತ್ತರಿಸಿದರೂ ಆಯಿತು. ಆದ್ದರಿಂದ ಮುಖ್ಯ ಬಾಗಿಲ ಲಾಕ್‌ನ ವೈರ್ ಹೊರಗೋಡೆಗೆ ಬರಲೇಬಾರದು. ಹಲವು ತಯಾರಕರು ಮನೆಯೊಳಗೆ ಕೂರಿಸುವ ಪ್ರತ್ಯೇಕ ರಿಲೇ ಮಾಡ್ಯೂಲ್ ಕೊಡುತ್ತಾರೆ. ಫಲಕ ಅದಕ್ಕೆ ಕಳಿಸುವುದು ಸಂಕೇತವನ್ನಷ್ಟೇ, ಅದನ್ನು ಬರೀ ವೈರ್ ಮುಟ್ಟಿಸಿ ನಕಲು ಮಾಡಲಾಗದು.

ಮ್ಯಾಗ್ನೆಟ್ ಲಾಕ್ ಇರುವ ಕಡೆ ಒಳಗಿಂದ ಹೊರಹೋಗುವ ಬಟನ್ ಲಾಕ್‌ನ ಕರೆಂಟನ್ನು ನೇರವಾಗಿ ಕಡಿಯಬೇಕು. ಬೆಂಕಿ ಅಲಾರಂ ಇದ್ದರೆ ಅದರ ಎನ್‌ಸಿ ಸಂಪರ್ಕವೂ ಅದೇ ಸರಣಿಯಲ್ಲಿರಲಿ. ಇವೆರಡನ್ನೂ ಇಂಟರ್‌ಕಾಮ್‌ನ ಸಾಫ್ಟ್‌ವೇರ್‌ಗೆ ಒಪ್ಪಿಸಬೇಡಿ. ಹೊಗೆ ತುಂಬಿದಾಗ ಇಂಟರ್‌ಕಾಮ್ ಹ್ಯಾಂಗ್ ಆಗಿದ್ದರೂ ಬಾಗಿಲು ತೆರೆಯಲೇಬೇಕು.

ಪ್ರಶ್ನೆ: ಮನೆಯ ಹಿರಿಯರಿಗೆ ಕಿವಿ ಮಂದ. ಯಾರಾದರೂ ಕರೆಗಂಟೆ ಒತ್ತಿದಾಗ ದೀಪ ಮಿನುಗುವಂತೆ ಮಾಡಬಹುದೇ?

ಉತ್ತರ: ಫಲಕದ ಸೆಟ್ಟಿಂಗ್‌ನಲ್ಲಿ ರಿಲೇಯನ್ನು ‘ಕರೆ ಬಂದಾಗ’ ಚಾಲೂ ಆಗುವಂತೆ ಇಡಲು ಸಾಧ್ಯವಿದ್ದರೆ ಖಂಡಿತ ಆಗುತ್ತದೆ. 12 ವೋಲ್ಟ್ ಎಲ್‌ಇಡಿ ಸ್ಟ್ರೋಬ್ ಒಂದನ್ನು ಅಡಾಪ್ಟರ್, ಕಾಮ್, ಎನ್‌ಓ ಮೂಲಕ ಜೋಡಿಸಿ, ಅವಧಿ 20 ಸೆಕೆಂಡ್ ಇಡಿ. ಫಲಕದಲ್ಲಿರುವುದು ಒಂದೇ ರಿಲೇ, ಅದು ಬಾಗಿಲಿಗೆ ಬಳಕೆಯಾಗಿದೆ ಎಂದಾದರೆ ಹೆಚ್ಚುವರಿ ರಿಲೇ ಮಾಡ್ಯೂಲ್ ತರಬೇಕಾಗುತ್ತದೆ. ಇಲ್ಲದಿದ್ದರೆ ಗಂಟೆ ಒತ್ತಿದವರಿಗೆಲ್ಲ ಬಾಗಿಲು ತೆರೆದುಕೊಳ್ಳುತ್ತದೆ.