ಮೂರು ರಾತ್ರಿಯ ಕ್ರೂಸ್‌ಗೆ ಬಾಲ್ಕನಿ ಕೋಣೆ ಬಿಟ್ಟು ಸೂಟ್ ತೆಗೆದುಕೊಳ್ಳಬೇಕೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ನೀವು ಸಿಂಧನೂರಿನವರು. ತಂದೆ, ತಾಯಿ, ಪತ್ನಿ ಮತ್ತು ಏಳು ವರ್ಷದ ಮಗಳೊಂದಿಗೆ ಸಿಂಗಪುರದಿಂದ ಗೆಂಟಿಂಗ್ ಡ್ರೀಮ್ ಹಡಗಿನಲ್ಲಿ ಮೂರು ರಾತ್ರಿಯ ಪ್ರವಾಸಕ್ಕೆ ಎರಡು ಬಾಲ್ಕನಿ ಕೋಣೆಗಳನ್ನು ಕಾಯ್ದಿರಿಸಿದ್ದೀರಿ. ತಲೆಗೆ ಇಷ್ಟು ಎಂದು ಹೆಚ್ಚುವರಿ ಹಣ ಕೊಟ್ಟರೆ ತಂದೆ ತಾಯಿಯ ಕೋಣೆಯನ್ನು ‘ಪ್ಯಾಲೆಸ್’ ವಿಭಾಗದ ಸೂಟ್‌ಗೆ ಬದಲಿಸಿಕೊಡುವುದಾಗಿ ಏಜೆಂಟ್ ಹೇಳಿದ್ದಾರೆ. ಶುಕ್ರವಾರದೊಳಗೆ ತಿಳಿಸಬೇಕು. ತಂದೆಗೆ ಮೊಣಕಾಲು ನೋವು, ತಾಯಿಗೆ ಬಸ್ಸು ಹತ್ತಿದರೆ ವಾಕರಿಕೆ. ಜೀವಮಾನದಲ್ಲಿ ಒಮ್ಮೆ ಕರೆದುಕೊಂಡು ಹೋಗುತ್ತಿದ್ದೇವೆ, ಅವರಿಗೆ ಅತ್ಯುತ್ತಮವಾದದ್ದನ್ನೇ ಕೊಡಬೇಕೆಂಬ ಆಸೆ ಎಂದು ಬರೆದಿದ್ದೀರಿ.

ಆ ಆಸೆ ನನಗೆ ಚೆನ್ನಾಗಿ ಗೊತ್ತು. ಆದರೂ ನೀವು ವಿವರಿಸಿದ ಪರಿಸ್ಥಿತಿಯಲ್ಲಿ ಸೂಟ್ ಬೇಡ ಎಂದೇ ಹೇಳುತ್ತೇನೆ. ಆ ಹಣದ ಒಂದು ಪಾಲಿನಲ್ಲೇ ಅವರಿಗೆ ಇನ್ನೂ ಹೆಚ್ಚು ನೆಮ್ಮದಿ ಕೊಡಬಹುದು.

ಮೊದಲು, ಸೂಟ್ ಹೆಸರಿನಲ್ಲಿ ನಿಮಗೆ ಮಾರುತ್ತಿರುವುದು ಏನು ಎಂಬುದನ್ನು ಬಿಡಿಸಿ ನೋಡೋಣ. ದೊಡ್ಡ ಕೋಣೆ, ಸರಿ. ಅದರ ಜೊತೆಗೆ ಹಡಗು ಹತ್ತುವಾಗ ಇಳಿಯುವಾಗ ಸರದಿ ಇಲ್ಲ, ಕರೆದಾಗ ಬರುವ ಬಟ್ಲರ್ ಇದ್ದಾನೆ, ಆ ವಿಭಾಗದವರಿಗಷ್ಟೇ ತೆರೆದಿರುವ ಊಟದ ಮನೆ, ಈಜುಕೊಳ, ಬಿಸಿಲಿಗೆ ಮೈಯೊಡ್ಡಿ ಕೂರುವ ಜಾಗ ಇವೆ. ಇಂದಿನ ದೊಡ್ಡ ಹಡಗುಗಳಲ್ಲಿ ಹಡಗಿನೊಳಗೊಂದು ಸಣ್ಣ ಹಡಗು ಕಟ್ಟುವ ರೂಢಿ ಬಂದಿದೆ. ಎಂಎಸ್‌ಸಿ ಕಂಪನಿಯವರು ಅದನ್ನು ಯಾಟ್ ಕ್ಲಬ್ ಎನ್ನುತ್ತಾರೆ, ನಾರ್ವೇಜಿಯನ್ ಎಂಬ ಇನ್ನೊಂದು ಕ್ರೂಸ್ ಕಂಪನಿಯವರು ಹೇವನ್ ಎನ್ನುತ್ತಾರೆ. ನಿಮ್ಮ ಹಡಗಿನ ಪ್ಯಾಲೆಸ್ ಕೂಡ ಅದೇ ಬಗೆಯದು. ಹೊರಗಿನ ಗದ್ದಲ ಒಳಗೆ ಬರದಂತೆ ನೋಡಿಕೊಳ್ಳುವುದೇ ಅಲ್ಲಿನ ವೈಶಿಷ್ಟ್ಯ. ಆ ಬಾಗಿಲು ತೆರೆಯುವುದು ಆ ಕೋಣೆಗಳಲ್ಲಿ ಹೆಸರಿರುವವರ ಕಾರ್ಡಿಗೆ ಮಾತ್ರ. ನಿಮ್ಮ ಕುಟುಂಬಕ್ಕೆ ಇದು ಹೊಂದುವುದಿಲ್ಲ ಎನ್ನಲು ನನ್ನ ಮೊದಲ ಕಾರಣ ಆ ಬಾಗಿಲೇ.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಸಿಂಗಪುರದಿಂದಲೇ ಹೊರಟ ಒಂದು ಹಡಗಿನಲ್ಲಿ ಅಣ್ಣ, ಅತ್ತಿಗೆ ಮತ್ತು ನಮ್ಮ ತಾಯಿ ಸೂಟ್‌ನಲ್ಲಿ ಇದ್ದರು. ನಾನು, ನಮ್ಮ ಯಜಮಾನರು, ಮಕ್ಕಳು ಸಾಧಾರಣ ಕೋಣೆಯಲ್ಲಿ. ಮೊದಲ ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಹೊರಟೆವು. ಸೂಟ್‌ನವರ ಊಟದ ಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಕಾರ್ಡ್‌ಗಳನ್ನು ನೋಡಿ, ಬಹಳ ಮರ್ಯಾದೆಯಿಂದಲೇ, ನಮ್ಮ ನಾಲ್ವರಿಗೆ ಪ್ರವೇಶವಿಲ್ಲ ಎಂದಳು. ನಿಯಮ ನಿಯಮವೇ, ಅವಳದೇನೂ ತಪ್ಪಿಲ್ಲ. ನೀವು ಮೂವರು ಊಟ ಮಾಡಿ ಬನ್ನಿ, ಆಮೇಲೆ ಮೇಲೆ ಸೇರೋಣ ಎಂದೆ. ತಾಯಿ ಅಷ್ಟರಲ್ಲಾಗಲೇ ಒಳಗೆ ಎರಡು ಹೆಜ್ಜೆ ಇಟ್ಟಿದ್ದರು. ಅಲ್ಲೇ ನಿಂತು ಮೊಮ್ಮಕ್ಕಳ ಮುಖ ನೋಡಿದರು, ಒಳಗಿನ ಬಿಳಿ ಮೇಜುಬಟ್ಟೆ ನೋಡಿದರು, ಸೆರಗು ಸರಿಮಾಡಿಕೊಂಡು ಹೊರಗೆ ಬಂದುಬಿಟ್ಟರು. “ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ನನಗೆ ಅನ್ನ ಇಳಿಯುವುದಿಲ್ಲ” ಎಂದರು. ಆ ಪ್ರವಾಸ ಮುಗಿಯುವವರೆಗೂ ನಾವೆಲ್ಲ ಕೆಳಗಿನ ಬಫೆಯಲ್ಲೇ ಉಂಡೆವು. ಅಣ್ಣ ದುಡ್ಡು ಕೊಟ್ಟಿದ್ದ ಊಟದ ಮನೆಯಲ್ಲಿ ಅವನೂ ಒಂದು ತುತ್ತು ಉಣ್ಣಲಿಲ್ಲ.

ಮದುವೆ ಮನೆಯಲ್ಲಿ ಪಂಕ್ತಿಭೇದ ಕಂಡರೆ ಎಲೆ ಬಿಟ್ಟು ಏಳುವ ಹಿರಿಯರು ನಮ್ಮವರು. ತಂದೆ ತಾಯಿಯನ್ನು ಒಂದು ಕಡೆ, ನಿಮ್ಮನ್ನು ಮತ್ತು ಮಗಳನ್ನು ಇನ್ನೊಂದು ಕಡೆ ಮಾಡುವ ಯಾವ ಅನುಕೂಲವೂ ಅವರಿಗೆ ಅನುಕೂಲವೆಂದು ಅನ್ನಿಸುವುದಿಲ್ಲ. ನೀವೇ ಯೋಚಿಸಿ, ಅಜ್ಜಿಯ ಕೈಹಿಡಿದು ಮೊಮ್ಮಗಳು ನೀರಿನ ಜಾರುಬಂಡಿಯ ಕಡೆ ಎಳೆಯುತ್ತಿರುವಾಗ ಅಜ್ಜಿ ಪ್ರತ್ಯೇಕ ಈಜುಕೊಳದ ಪಕ್ಕ ಹೋಗಿ ಕೂರುತ್ತಾರೆಯೆ?

ಬಟ್ಲರ್ ವಿಷಯವೂ ಹಾಗೆಯೇ. ಬಂದ ದಿನ ಅವನು ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿಕೊಡಲೇ ಎಂದು ಕೇಳಿದ. ಪರ ಪುರುಷನೊಬ್ಬ ತಮ್ಮ ಸೀರೆಗಳನ್ನು ಮುಟ್ಟುವುದೆಂದರೆ ತಾಯಿಗೆ ಸುತಾರಾಂ ಒಪ್ಪಿಗೆಯಿಲ್ಲ. ಬೆಳಿಗ್ಗೆ ಕೋಣೆ ಸ್ವಚ್ಛ ಮಾಡುವವರು ಬರುವ ಹೊತ್ತಿಗೆ ಅವರೇ ಹಾಸಿಗೆ ಸರಿಮಾಡಿ, ಹೊದಿಕೆ ಮಡಚಿ, ಒದ್ದೆ ಟವೆಲ್ ಹಿಂಡಿ ಒಣಹಾಕಿರುತ್ತಿದ್ದರು. ಇನ್ನೊಬ್ಬರಿಂದ ಸೇವೆ ಮಾಡಿಸಿಕೊಳ್ಳುವುದೂ ಒಂದು ಅಭ್ಯಾಸ. ಎಪ್ಪತ್ತರ ವಯಸ್ಸಿನಲ್ಲಿ ಮೂರು ದಿನದೊಳಗೆ ಅದು ಬರುವುದಿಲ್ಲ. ಒಂದೇ ಒಂದು ಸೇವೆಯನ್ನು ಅವರು ಮನಸಾರೆ ಮೆಚ್ಚಿದರು: ಬೆಳಗಿನ ಜಾವ ಐದಕ್ಕೆ ಕೋಣೆಗೇ ಬರುತ್ತಿದ್ದ ಚಹಾ. ನಿಮ್ಮ ತಂದೆ ತಾಯಿಯೂ ಅಷ್ಟು ಬೇಗ ಏಳುವವರಾದರೆ, ಆ ಹೊತ್ತಿಗೆ ಚಹಾ ಎಲ್ಲಿ ಸಿಗುತ್ತದೆ ಎಂದು ಹತ್ತಿದ ದಿನವೇ ವಿಚಾರಿಸಿಟ್ಟುಕೊಳ್ಳಿ. ಮನೆಯಿಂದ ಕೆಟಲ್ ಒಯ್ಯುವ ಯೋಚನೆ ಬೇಡ. ಬಿಸಿಯಾಗುವ ಉಪಕರಣಗಳನ್ನು, ಇಸ್ತ್ರಿಪೆಟ್ಟಿಗೆಯನ್ನೂ ಸೇರಿಸಿ, ಬೆಂಕಿಯ ಭಯದಿಂದ ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ.

ಇನ್ನು ಮೊಣಕಾಲು. ಸೂಟ್‌ನ ಸೌಲಭ್ಯಗಳಲ್ಲಿ ನಿಮ್ಮ ತಂದೆಗೆ ನಿಜವಾಗಿ ಬೇಕಾಗಿರುವುದು ಸರದಿಯಲ್ಲಿ ನಿಲ್ಲದೆ ಹೋಗುವ ಒಂದು ಸೌಲಭ್ಯ. ಮೂರು ಸಾವಿರಕ್ಕೂ ಹೆಚ್ಚು ಜನ ಹತ್ತುವ ಹಡಗದು. ಹತ್ತುವ ದಿನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆ, ಸಾಮಾನಿನ ತಪಾಸಣೆ, ಕಾರ್ಡ್ ಕೊಡುವ ಕೌಂಟರ್ ಎಂದು ಒಂದರ ಹಿಂದೊಂದು ಸಾಲು. ಆದರೆ ಇದಕ್ಕೆ ಸೂಟ್ ಬೇಕಿಲ್ಲ. ಮೊದಲೇ ತಿಳಿಸಿದರೆ ಹತ್ತುವಾಗಲೂ ಇಳಿಯುವಾಗಲೂ ಗಾಲಿಕುರ್ಚಿಯ ನೆರವನ್ನು ಹೆಚ್ಚುಕಡಿಮೆ ಎಲ್ಲ ಕ್ರೂಸ್ ಕಂಪನಿಗಳೂ ಕೊಡುತ್ತವೆ. ವಿಮಾನದಲ್ಲೂ ಇದೇ ಸೌಲಭ್ಯವಿದೆ. ನಾನೇನು ಕುಂಟನೇ ಎಂದು ನಿಮ್ಮ ತಂದೆ ಬೇಸರಪಟ್ಟುಕೊಳ್ಳಬಹುದು. ನಮ್ಮ ಮಾವನವರೂ ಹಾಗೆಯೇ ಅಂದರು. ಇದು ನಡೆಯಲಾರದವರಿಗಷ್ಟೇ ಅಲ್ಲ, ಹೆಚ್ಚು ಹೊತ್ತು ನಿಲ್ಲಲಾರದವರಿಗೂ ಇದೆ ಎಂದು ತಿಳಿಸಿ ಹೇಳಿದ ಮೇಲೆ ಒಪ್ಪಿದರು. ಮನೆಯಲ್ಲಿ ಈಗಿನಿಂದಲೇ ಮಾತು ತೆಗೆಯಿರಿ. ನಿಲ್ದಾಣದಲ್ಲಿ ನಿಂತು ಒಪ್ಪಿಸುವುದು ಕಷ್ಟ.

ಹತ್ತಿದ ಮೇಲಿನ ನಡಿಗೆಯ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ಗೆಂಟಿಂಗ್ ಡ್ರೀಮ್‌ನ ಉದ್ದ ಸುಮಾರು 335 ಮೀಟರ್. ಒಂದು ತುದಿಯಲ್ಲಿ ಕೋಣೆ, ಇನ್ನೊಂದು ತುದಿಯಲ್ಲಿ ಊಟ ಎಂದಾದರೆ ಒಂದು ತಿಂಡಿಗೆ ಹೋಗಿಬರಲು ಅರ್ಧ ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕು. ದಿನಕ್ಕೆ ಎಷ್ಟು ಸಲ ಹಾಗೆ ಓಡಾಡಬೇಕಾದೀತು, ಲೆಕ್ಕ ಹಾಕಿ. ಮೊಣಕಾಲಿನವರಿಗೆ ಕೋಣೆಯ ದರ್ಜೆಗಿಂತ ಅದು ಲಿಫ್ಟ್‌ನಿಂದ ಎಷ್ಟು ದೂರ ಎಂಬುದೇ ಮುಖ್ಯ. ಈ ಒಂದು ಮಾತನ್ನು ಮಾತ್ರ ಮರೆಯಬೇಡಿ.

ತಾಯಿಯ ವಾಕರಿಕೆಗೂ ಜಾಗವೇ ಮದ್ದು. ರಾಯಚೂರು ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರು ಎಗರುತ್ತಾರೆ, ಮಧ್ಯದ ಸೀಟಿನವರು ನಿದ್ದೆ ಮಾಡುತ್ತಾರೆ. ಹಡಗಿನಲ್ಲೂ ಅಷ್ಟೇ. ಅಲೆಗೆ ಮೂತಿಯೂ ಬಾಲವೂ ಏರಿಳಿಯುತ್ತವೆ, ನಡುಭಾಗ ಅಷ್ಟಾಗಿ ಅಲ್ಲಾಡುವುದಿಲ್ಲ. ಪಕ್ಕಕ್ಕೆ ತೂಗುವಾಗ ಮೇಲಿನ ಮಹಡಿಗಳು ಹೆಚ್ಚು ದೂರ ತೂಗುತ್ತವೆ, ಕೆಳಗಿನವು ಕಡಿಮೆ. ಸೂಟ್‌ಗಳು ಸಾಮಾನ್ಯವಾಗಿ ಮೇಲಿನ ಮಹಡಿಗಳಲ್ಲೇ ಇರುತ್ತವೆ. ಅಂದರೆ ಹೆಚ್ಚು ಹಣ ಕೊಟ್ಟು ಹೆಚ್ಚು ತೂಗುವ ಕಡೆಗೆ ಹೋದಂತಾಗುತ್ತದೆ. ಹಾಗೆಂದು ಗಾಬರಿ ಬೇಡ. ಸಿಂಗಪುರದಿಂದ ನಿಮ್ಮ ಹಡಗು ಮಲೇಷ್ಯಾದ ಪೆನಾಂಗ್ ಕಡೆಗೆ ಹೋಗುವ ದಾರಿ ಮಲಾಕ್ಕಾ ಜಲಸಂಧಿ. ಒಂದು ಬದಿಗೆ ಸುಮಾತ್ರಾ, ಇನ್ನೊಂದು ಬದಿಗೆ ಮಲಯ ಪರ್ಯಾಯದ್ವೀಪ ಇರುವುದರಿಂದ ಆ ನೀರು ಸಾಮಾನ್ಯವಾಗಿ ಶಾಂತ. ಆದರೂ ವೈದ್ಯರನ್ನು ಕೇಳಿ ಒಂದು ಮಾತ್ರೆ ಜೊತೆಗಿಟ್ಟುಕೊಳ್ಳಿ. ಅದನ್ನು ಹೊಟ್ಟೆ ತೊಳಸುವುದಕ್ಕೆ ಮುಂಚೆಯೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ. ಬಾಲ್ಕನಿಯಲ್ಲಿ ಕುಳಿತು ದೂರದ ಕ್ಷಿತಿಜ ನೋಡುತ್ತಿದ್ದರೂ ತಲೆ ಹಗುರಾಗುತ್ತದೆ. ಅದಕ್ಕಾಗಿಯೇ ಅವರ ಬಾಲ್ಕನಿ ಕೋಣೆಯನ್ನು ಬಿಡಬೇಡಿ ಎನ್ನುತ್ತೇನೆ.

ಹಾಗಾದರೆ ಕೋಣೆ ಆರಿಸುವುದು ಹೇಗೆ? ಹಡಗಿನ ಮಹಡಿವಾರು ನಕ್ಷೆ ಕಂಪನಿಯ ಜಾಲತಾಣದಲ್ಲಿ ಇರುತ್ತದೆ. ನಿಮ್ಮ ಕೋಣೆಯ ಸಂಖ್ಯೆ ಹುಡುಕಿ. ಆಮೇಲೆ ಅದರ ನೇರ ಮೇಲೆ ಏನಿದೆ, ನೇರ ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ನಸುಕಿನಿಂದಲೇ ಕುರ್ಚಿ ಎಳೆಯುವ ಸದ್ದು ಕೇಳುತ್ತದೆ. ಕೆಳಗೆ ರಂಗಮಂದಿರವೋ ನೃತ್ಯದ ಕ್ಲಬ್ಬೋ ಇದ್ದರೆ ಮಧ್ಯರಾತ್ರಿಯವರೆಗೆ ಡೋಲಿನ ಪೆಟ್ಟು ಹಾಸಿಗೆಗೆ ಬಡಿಯುತ್ತದೆ. ಮೇಲೂ ಕೆಳಗೂ ಬರೀ ಕೋಣೆಗಳೇ ಇರುವ ಮಹಡಿ, ಹಡಗಿನ ನಡುಭಾಗ, ಲಿಫ್ಟ್‌ಗೆ ಸಮೀಪ ಆದರೆ ಲಿಫ್ಟ್‌ನ ಎದುರಿಗೇ ಅಲ್ಲ. ಈ ಗುಣಗಳಿರುವ ಸಾದಾ ಬಾಲ್ಕನಿ ಕೋಣೆ, ತುದಿಯಲ್ಲಿರುವ ಎಷ್ಟೋ ದುಬಾರಿ ಕೋಣೆಗಳಿಗಿಂತ ಸುಖಕರ. ಒಂದೇ ದರ್ಜೆಯೊಳಗೆ ಜಾಗ ಬದಲಿಸಿಕೊಳ್ಳಲು ಏಜೆಂಟರನ್ನು ಮುಲಾಜಿಲ್ಲದೆ ಕೇಳಿ. ಖಾಲಿ ಇದ್ದರೆ ಸಿಗುತ್ತದೆ.

ನಿಮ್ಮ ಕೋಣೆಯ ಬಗ್ಗೆ ಒಂದು ಸಲಹೆ. ನೀವು ಮೂವರಿಗೂ ಬಾಲ್ಕನಿ ಬೇಕೇಬೇಕೆ? ತಂದೆ ತಾಯಿಗೆ ಬಾಲ್ಕನಿ, ಅದರ ಎದುರಿಗೋ ಪಕ್ಕದ ಸಾಲಿಗೋ ಕಿಟಕಿಯಿಲ್ಲದ ಒಳಕೋಣೆ ನಿಮಗೆ, ಹೀಗೆ ಮಾಡುವ ಕುಟುಂಬಗಳು ಬಹಳ ಇವೆ. ಒಳಕೋಣೆಗಳು ಸಾಮಾನ್ಯವಾಗಿ ನೂರೈವತ್ತು ಚದರ ಅಡಿಯ ಆಸುಪಾಸಿನಲ್ಲಿ ಇರುತ್ತವೆ, ಇಕ್ಕಟ್ಟು ನಿಜ. ಆದರೆ ನೀವು ಅಲ್ಲಿ ಮಲಗಲು ಮತ್ತು ಸ್ನಾನಕ್ಕೆ ಹೋಗುತ್ತೀರಿ, ಅಷ್ಟೇ. ಸಂಜೆ ಎಲ್ಲರೂ ಸೇರುವುದು ತಂದೆ ತಾಯಿಯ ಬಾಲ್ಕನಿಯಲ್ಲೇ. ಕತ್ತಲಿನ ಕೋಣೆಯಲ್ಲಿ ಮಗಳು ಹೆದರುವವಳಾದರೆ ಮಾತ್ರ ಬೇಡ. ಪೂರ್ತಿ ಹಣ ಕಟ್ಟಿಯಾಗಿದ್ದರೆ ಕೆಳದರ್ಜೆಗೆ ಇಳಿಸಿದಾಗ ಹಣ ವಾಪಸ್ ಬರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ, ಬರದಿದ್ದರೆ ಇದ್ದದ್ದೇ ಇರಲಿ.

ಮೂರು ರಾತ್ರಿ ಎಂದರೆ ನಿಜಕ್ಕೂ ಎಷ್ಟು ಹೊತ್ತು ಎಂಬುದನ್ನೂ ಗಮನಿಸಿ. ಮೊದಲ ದಿನ ಹಡಗು ಹತ್ತುವ ಹೊತ್ತಿಗೆ ಮಧ್ಯಾಹ್ನ. ಕೊನೆಯ ದಿನ ಬೆಳಿಗ್ಗೆಯೇ ಕೋಣೆ ಖಾಲಿ ಮಾಡಬೇಕು. ನಡುವಿನ ಹಗಲುಗಳಲ್ಲಿ ಬಂದರಿನಲ್ಲಿ ಇಳಿದು ಊರು ನೋಡುತ್ತೀರಿ. ಎಚ್ಚರವಾಗಿ ಕೋಣೆಯಲ್ಲಿ ಕಳೆಯುವ ಗಂಟೆಗಳನ್ನು ಕೂಡಿಸಿ, ಸೂಟ್‌ನ ಹೆಚ್ಚುವರಿ ಹಣವನ್ನು ಅವುಗಳಿಂದ ಭಾಗಿಸಿದರೆ ಗಂಟೆಯ ಬೆಲೆ ಗೊತ್ತಾಗುತ್ತದೆ. ಏಳೆಂಟು ರಾತ್ರಿಯ ಪ್ರವಾಸ, ಅದರಲ್ಲೂ ಇಡೀ ದಿನ ಸಮುದ್ರದಲ್ಲೇ ಇರುವ ದಿನಗಳು ಹೆಚ್ಚಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಮದುವೆಯಾದ ಹೊಸತರಲ್ಲಿ ಇಬ್ಬರೇ ಹೋಗುವವರಿಗೂ ಬೇರೆ. ಇಡೀ ಕುಟುಂಬ ಒಂದೇ ದೊಡ್ಡ ಸೂಟ್‌ನಲ್ಲಿ ಹಿಡಿಸುವಂತಿದ್ದರೆ, ಐವರ ಹೆಸರೂ ಅದರಲ್ಲೇ ಇದ್ದರೆ, ಆಗ ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎನ್ನುತ್ತಿದ್ದೆ, ಏಕೆಂದರೆ ಆಗ ಬಾಗಿಲಲ್ಲಿ ಯಾರೂ ನಿಲ್ಲಬೇಕಿಲ್ಲ. ಎರಡು ಬಾಲ್ಕನಿ ಕೋಣೆಗಳ ಬೆಲೆಗೂ ಅಂಥ ಸೂಟ್‌ನ ಬೆಲೆಗೂ ಎಷ್ಟು ಅಂತರ ಎಂದು ಏಜೆಂಟರನ್ನು ಒಮ್ಮೆ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಇದನ್ನು ಓದುವ ಬೇರೆಯವರಿಗೂ ಎರಡು ಮಾತು. ಮುಂಬೈನಿಂದ ಹೊರಡುವ, ಕೋರ್ಡೇಲಿಯಾ ಕ್ರೂಸ್ ಕಂಪನಿಯ ಎಂಪ್ರೆಸ್ 1990ರಲ್ಲಿ ಸೇವೆಗೆ ಬಂದ ಹಡಗು. ಕೋಣೆಗೊಂದು ಬಾಲ್ಕನಿ ಕಟ್ಟುವ ರೂಢಿ ಆಗ ಇರಲಿಲ್ಲವಾದ್ದರಿಂದ ಅಲ್ಲಿ ಬಾಲ್ಕನಿ ಇರುವ ಕೋಣೆಗಳು ಕಡಿಮೆ. ಅಲ್ಲಿ ಒಳಕೋಣೆಯಿಂದ ಸಮುದ್ರ ಕಾಣುವ ಕಿಟಕಿಯ ಕೋಣೆಗೆ ಏರುವುದಷ್ಟೇ ಸಾಕು. ನಮ್ಮ ರಾಯಚೂರಿನಿಂದ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಹತ್ತಿರವೇ. ಇನ್ನು, ಹಲವು ವಿದೇಶಿ ಕಂಪನಿಗಳು ಅಪ್‌ಗ್ರೇಡ್‌ಗಳನ್ನು ಹರಾಜಿನಂತೆ ಮಾರುತ್ತವೆ, ನೀವು ಎಷ್ಟು ಕೊಡುತ್ತೀರಿ ಎಂದು ಇಮೇಲ್ ಬರುತ್ತದೆ. ಅಲ್ಲಿ ಕಾಣುವ ಮೊತ್ತ ಒಬ್ಬರದು, ಕಡಿತವಾಗುವುದು ಇಬ್ಬರದು. ನಿಮ್ಮ ಬೆಲೆ ಒಪ್ಪಿಗೆಯಾದ ಕ್ಷಣ ಕಾರ್ಡಿನಿಂದ ಹಣ ಹೋಗುತ್ತದೆ, ವಾಪಸ್ ಬರುವುದಿಲ್ಲ. ಯಾವ ಸಂಖ್ಯೆಯ ಕೋಣೆ ಎಂದು ನೀವು ಆರಿಸುವಂತಿಲ್ಲ, ಅಕ್ಕಪಕ್ಕದಲ್ಲಿದ್ದ ಕುಟುಂಬ ಎರಡು ಮಹಡಿಗೆ ಹಂಚಿಹೋಗಬಹುದು. ಹಡಗಿನಲ್ಲಿ ತಲೆಗೆ, ರಾತ್ರಿಗೆ ಇಷ್ಟೆಂದು ಹಾಕುವ ಸೇವಾಶುಲ್ಕವೂ ಅನೇಕ ಕಂಪನಿಗಳಲ್ಲಿ ಸೂಟ್‌ನವರಿಗೆ ಹೆಚ್ಚು.

ಉಳಿದ ಹಣವನ್ನು ಎಲ್ಲಿ ಹಾಕಬೇಕೆಂದು ಕೇಳಿದರೆ, ಹಡಗು ಹತ್ತುವ ಹಿಂದಿನ ರಾತ್ರಿ ಸಿಂಗಪುರದ ಒಂದು ಒಳ್ಳೆಯ ಹೋಟೆಲ್‌ಗೆ. ಸಿಂಧನೂರಿನಿಂದ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದವರೆಗಿನ ಕಾರಿನ ಪ್ರಯಾಣ, ಅಲ್ಲಿ ಕಾಯುವುದು, ರಾತ್ರಿಯ ವಿಮಾನ, ಬೆಳಿಗ್ಗೆ ಇಳಿದು ನೇರ ಹಡಗಿನ ಸಾಲು ಎಂದರೆ ಹಿರಿಯರು ಮೊದಲ ದಿನವೇ ಸೊರಗಿಬಿಡುತ್ತಾರೆ. ವಿಮಾನ ತಡವಾದರೆ ಹಡಗು ನಿಮಗಾಗಿ ಕಾಯುವುದೂ ಇಲ್ಲ. ಒಂದು ರಾತ್ರಿ ಕಾಲುಚಾಚಿ ಮಲಗಿ, ಬಿಸಿನೀರಿನ ಸ್ನಾನ ಮಾಡಿ, ನಿಧಾನವಾಗಿ ಹೊರಟರೆ ಮೂರೂ ದಿನ ಅವರು ಗೆಲುವಾಗಿರುತ್ತಾರೆ. ಪೆನಾಂಗ್‌ನಲ್ಲಿ ಇಳಿದಾಗ ಗುಂಪಿನ ಬಸ್ಸಿಗೆ ಬದಲು ನಿಮ್ಮ ಕುಟುಂಬಕ್ಕೆಂದೇ ಒಂದು ಕಾರು ಮಾಡಿಕೊಳ್ಳಿ. ಮೊಣಕಾಲು ನೋಯುವವರಿಗೆ ಬೇಕಾದಲ್ಲಿ ನಿಲ್ಲಿಸುವ, ಸಾಕೆನಿಸಿದಾಗ ಹಿಂತಿರುಗುವ ಸ್ವಾತಂತ್ರ್ಯ ಸಿಗುತ್ತದೆ.

ಶುಕ್ರವಾರದವರೆಗೆ ಕಾಯದೆ ಇಂದೇ ಏಜೆಂಟರಿಗೆ ಫೋನ್ ಮಾಡಿ. ಸೂಟ್ ಬೇಡ, ಎರಡೂ ಕೋಣೆಗಳು ನಡುಭಾಗದಲ್ಲಿ, ಲಿಫ್ಟ್‌ಗೆ ಸಮೀಪದಲ್ಲಿ, ಒಂದೇ ಮಹಡಿಯಲ್ಲಿ ಇರಲಿ ಎಂದು ಹೇಳಿ. ತಂದೆಯ ಹೆಸರಿನ ಮುಂದೆ ಗಾಲಿಕುರ್ಚಿ ನೆರವನ್ನು, ಎಲ್ಲರ ಹೆಸರಿನ ಮುಂದೆ ಸಸ್ಯಾಹಾರ ಬೇಕಿದ್ದರೆ ಅದನ್ನೂ ನಮೂದಿಸಲು ತಿಳಿಸಿ. ಬದಲಾದ ಕೋಣೆ ಸಂಖ್ಯೆಗಳನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸಂಖ್ಯೆ ಬಂದ ಮೇಲೆ ನಕ್ಷೆ ನೋಡಿ ಅನುಮಾನ ಬಂದರೆ ಇಲ್ಲಿಯೇ ಬರೆಯಿರಿ, ಮೇಲೆ ಕೆಳಗೆ ಏನಿದೆ ಎಂದು ನೋಡಿ ಹೇಳುತ್ತೇನೆ.