ಠೇವಣಿ ಹಿಡಿದಿಡಲು ಬಡ್ಡಿ ಏರಿಸಬೇಕೆ?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿ. ಮುದ್ದತಿ ಠೇವಣಿಗೆ ಶೇ 9 ಕೊಡುತ್ತಿದ್ದೇವೆ. ಪಕ್ಕದ ಬೀದಿಯ ಸೌಹಾರ್ದ ಸಹಕಾರಿ ಶೇ 10 ಘೋಷಿಸಿದೆ. ಸರಿಯಾಗಿ ಕಟ್ಟುವ ಸಾಲಗಾರರು ಬ್ಯಾಂಕಿಗೆ ಹೋಗುತ್ತಿದ್ದಾರೆ. ನಾವೂ ಬಡ್ಡಿ ಏರಿಸಬೇಕೆ?

ಉತ್ತರ: ಬೇಡ. ಮೊದಲು ಲೆಕ್ಕ ಹಾಕಿ ನೋಡಿ. 100 ರೂಪಾಯಿ ಠೇವಣಿಗೆ ಬಡ್ಡಿ 9, ಸಂಬಳ ಮತ್ತು ಬಾಡಿಗೆ 2.50, ಮುಳುಗುವ ಸಾಲಕ್ಕೆ 1 ಎಂದಿಟ್ಟುಕೊಳ್ಳಿ, ಒಟ್ಟು 12.50. ಠೇವಣಿದಾರರು ಕೇಳಿದಾಗ ಕೊಡಲು 25 ರೂಪಾಯಿಯನ್ನು ಬ್ಯಾಂಕಿನಲ್ಲಿ ಶೇ 7ಕ್ಕೆ ಇಟ್ಟರೆ ಬರುವುದು 1.75. ಉಳಿದ 10.75 ಅನ್ನು 75 ರೂಪಾಯಿ ಸಾಲವೇ ದುಡಿಯಬೇಕು. ಅಂದರೆ ಸಾಲದ ಬಡ್ಡಿ ಶೇ 14.33, ಅದೂ ಲಾಭವಿಲ್ಲದೆ. ಠೇವಣಿಗೆ ಶೇ 10 ಕೊಟ್ಟರೆ ಇದು ಶೇ 15.67 ಆಗುತ್ತದೆ. ಆ ದರಕ್ಕೆ ಒಪ್ಪುವವರಲ್ಲಿ ಬೇರೆಲ್ಲೂ ಸಾಲ ಹುಟ್ಟದವರೇ ಹೆಚ್ಚು. ಸುಸ್ತಿ, ಅಂದರೆ ಗಡುವಿಗೆ ಕಟ್ಟದ ಸಾಲ, ಬೆಳೆದು ಆ 1 ರೂಪಾಯಿ 3 ಆದರೆ ಸಾಲದ ದರ ಶೇ 18 ದಾಟಬೇಕು. ಸಂಘಗಳು ಮುಳುಗುವ ದಾರಿ ಇದೇ.

ಪಿಗ್ಮಿ, ಅಂದರೆ ಏಜೆಂಟರು ದಿನವೂ ಮನೆ, ಅಂಗಡಿಗೆ ಹೋಗಿ ಸಂಗ್ರಹಿಸುವ ಸಣ್ಣ ಠೇವಣಿ, ಅಗ್ಗದ ಹಣ ಎಂದು ಅನೇಕ ನಿರ್ದೇಶಕರು ನಂಬಿರುತ್ತಾರೆ. ದಿನಕ್ಕೆ 100ರಂತೆ ವರ್ಷಕ್ಕೆ 36,500 ಬಂದರೂ ನಿಮ್ಮ ಕೈಲಿರುವ ಸರಾಸರಿ ಮೊತ್ತ 18,250 ಮಾತ್ರ. ಸಂಗ್ರಹದ ಮೇಲೆ ಶೇ 3 ಕಮಿಷನ್ 1,095, ಸರಾಸರಿ ಮೊತ್ತಕ್ಕೆ ಶೇ 4 ಬಡ್ಡಿ 730, ಸೇರಿ 1,825. ಶೇ 10 ಬಿತ್ತು! ಆದರೂ ಪಿಗ್ಮಿ ಬಿಡಬೇಡಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ 2 ಆಣೆಯಿಂದ ಇದನ್ನು ಆರಂಭಿಸಿದಾಗಲೂ ಅದರ ಬಲವಿದ್ದದ್ದು ಮನೆಬಾಗಿಲಿಗೆ ಹೋಗುವುದರಲ್ಲಿ. ಆರು ತಿಂಗಳ ಪಿಗ್ಮಿ ಪುಸ್ತಕ ನೋಡಿದರೆ ತರಕಾರಿ ಅಂಗಡಿಯವರ ವ್ಯಾಪಾರ ಯಾವ ದಿನ ಏರುತ್ತದೆ, ಯಾವ ತಿಂಗಳು ಬಿಡುವು ಎಂಬುದು ತಿಳಿಯುತ್ತದೆ. ತೆರಿಗೆ ರಿಟರ್ನ್ ಕೇಳುವ ಬ್ಯಾಂಕಿಗೆ ಈ ಮಾಹಿತಿ ಸಿಗುವುದಿಲ್ಲ. ಅಂಥವರಿಗೆ 1 ಲಕ್ಷ ಸಾಲ ಕೊಟ್ಟು, ದಿನಕ್ಕೆ ಸುಮಾರು 300ರಂತೆ ವರ್ಷದಲ್ಲಿ ತೀರಿಸಿಕೊಳ್ಳಿ. ಸತತ ಮೂರು ದಿನ ಕಟ್ಟದಿದ್ದರೆ ನಾಲ್ಕನೆಯ ದಿನ ಕಾರ್ಯದರ್ಶಿಯೇ ಅಂಗಡಿಗೆ ಹೋಗಬೇಕು. ಏಜೆಂಟರ ಕೈಯಲ್ಲಿ ಹಣ ನಿಲ್ಲದಂತೆ ಪ್ರತಿ ಸಂಗ್ರಹಕ್ಕೂ ಸದಸ್ಯರಿಗೆ ಎಸ್ಸೆಮ್ಮೆಸ್ ಹೋಗಲಿ; ತಿಂಗಳಿಗೊಮ್ಮೆ ಬೇರೊಬ್ಬರು ಪಾಸ್‌ಬುಕ್ ತಾಳೆ ನೋಡಲಿ.

ಸಂಬಳದಾರರ ಗೃಹಸಾಲದಲ್ಲಿ ಬ್ಯಾಂಕಿನೊಂದಿಗೆ ದರದ ಪೈಪೋಟಿಗೆ ಇಳಿಯಬೇಡಿ. ಒಂದು ವರ್ಷದ ಠೇವಣಿಯನ್ನು ಹತ್ತು ವರ್ಷದ ಸಾಲಕ್ಕೆ ಕೊಟ್ಟರೆ, ನಾಲ್ಕು ದೊಡ್ಡ ಠೇವಣಿದಾರರು ಒಟ್ಟಿಗೆ ಹಣ ಕೇಳಿದ ದಿನ ಬಾಗಿಲು ಹಾಕಬೇಕಾಗುತ್ತದೆ.

ಠೇವಣಿದಾರರಿಗೆ ನಿಜ ಹೇಳಿ. 2020ರ ಫೆಬ್ರುವರಿ 4ರಿಂದ ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಪತ್ತಿನ ಸಂಘಕ್ಕೂ ಇಲ್ಲ, ಸೌಹಾರ್ದ ಪತ್ತಿನ ಸಹಕಾರಿಗೂ ಇಲ್ಲ. ಪಟ್ಟಣ ಸಹಕಾರ ಬ್ಯಾಂಕಿಗೆ ಇದೆ. ಆದ್ದರಿಂದ ಪ್ರತಿ ತಿಂಗಳು ಸುಸ್ತಿಯ ಪ್ರಮಾಣ, ಬ್ಯಾಂಕಿನಲ್ಲಿರುವ ನಗದು, ಹತ್ತು ದೊಡ್ಡ ಸಾಲಗಳ ಒಟ್ಟು ಮೊತ್ತವನ್ನು ಸೂಚನಾ ಫಲಕದಲ್ಲಿ ಹಾಕಿ. ಪಕ್ಕದವರೂ ಇದನ್ನು ಹಾಕುತ್ತಾರೆಯೇ ಎಂದು ನಿಮ್ಮ ಸದಸ್ಯರೇ ಅಲ್ಲಿ ಹೋಗಿ ಕೇಳಲಿ.