ಚಕಮಕಿ ಗೋಡೆಗೆ ಸಿಮೆಂಟು ಯಾಕೆ ಬೇಡ?

ಪ್ರಶ್ನೆ: ಇಂಗ್ಲೆಂಡಿನ ನಾರ್ಫೋಕ್‌ ಸೀಮೆಯ ಪಾಸ್ಟನ್‌ನಲ್ಲಿರುವ ಹಳೆಯ ಧಾನ್ಯದ ಕೊಟ್ಟಿಗೆಯ ಚಿತ್ರ ನೋಡಿದೆ. ಇಂಥ ಚಕಮಕಿ ಕಲ್ಲಿನ ಕಟ್ಟಡಗಳ ಮೂಲೆಗೆ ಇಟ್ಟಿಗೆಯನ್ನೋ ಬೇರೆ ಕಲ್ಲನ್ನೋ ಬಳಸುವುದೇಕೆ? ಸಂದು ಬಿಟ್ಟ ಕಡೆ ಸಿಮೆಂಟು ಮೆತ್ತಿದರೆ ತಪ್ಪೇನು?

ಉತ್ತರ: ಸರ್ ವಿಲಿಯಂ ಪಾಸ್ಟನ್ 1581ರಲ್ಲಿ ಕಟ್ಟಿಸಿದ ಕೊಟ್ಟಿಗೆ ಅದು, ಉದ್ದ ಸುಮಾರು 70 ಮೀಟರ್. ಚಕಮಕಿ ಸಿಗುವುದು ಸೀಮೆಸುಣ್ಣದ ಪದರಗಳಲ್ಲಿ, ಗೆಡ್ಡೆಗಳಂತೆ. ಸುತ್ತಿಗೆ ಬಿದ್ದರೆ ಗಾಜಿನ ಹಾಗೆ ಚಕ್ಕೆ ಏಳುತ್ತದೆ. ಚೌಕ ಮಾಡುವುದು ಬಹಳ ದುಬಾರಿ ಕೆಲಸ. ಗುಂಡುಕಲ್ಲಿನಿಂದ ನೇರ ಮೂಲೆ ಏಳದು. ಅದಕ್ಕೇ ಅಲ್ಲಿ ಇಟ್ಟಿಗೆ ಅಥವಾ ಕೆತ್ತಿದ ಕಲ್ಲು.

ಚಕಮಕಿ ನೀರು ಕುಡಿಯುವುದಿಲ್ಲ. ಇಟ್ಟಿಗೆಯಾದರೆ ಗಾರೆಯ ತೇವವನ್ನು ಹೀರಿ ಬೇಗ ಕಚ್ಚಿಕೊಳ್ಳುತ್ತದೆ. ಇಲ್ಲಿ ಕಲ್ಲು ಹಸಿ ಗಾರೆಯ ಮೇಲೆ ತೇಲುತ್ತಿರುತ್ತದೆ. ಅವಸರಪಟ್ಟು ಒಂದೇ ಸಲ ಎತ್ತರಕ್ಕೆ ಕಟ್ಟಿದರೆ ಕೆಳಗಿನ ಸಾಲು ಹೊಟ್ಟೆ ಬಿಡುತ್ತದೆ. ಒಂದಿಷ್ಟು ಕಟ್ಟಿ, ಗಟ್ಟಿಯಾಗುವವರೆಗೆ ಬಿಟ್ಟು, ಆಮೇಲೆ ಮುಂದುವರಿಯಬೇಕು.

ಗೋಡೆಯ ತೇವ ಹೊರಹೋಗಲು ಕಲ್ಲಿನಲ್ಲಿ ದಾರಿಯಿಲ್ಲ, ಇರುವುದು ಸುಣ್ಣದ ಗಾರೆಯಲ್ಲೇ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಕೂದಲೆಳೆಯ ಬಿರುಕಿನಲ್ಲಿ ಒಳಗೆ ಹೋದ ಮಳೆನೀರು ಅಲ್ಲೇ ಉಳಿದು, ಚಳಿಗೆ ಹೆಪ್ಪುಗಟ್ಟಿ ಉಬ್ಬಿ, ಕಲ್ಲುಗಳನ್ನು ಹೊರಕ್ಕೆ ತಳ್ಳುತ್ತದೆ. ಸಡಿಲ ಗಾರೆಯನ್ನು ಕೈಯಿಂದ ಕೆರೆದು, ಸಂದು ನೆನೆಸಿ, 1 ಪಾಲು ಸುಣ್ಣಕ್ಕೆ 3 ಪಾಲು ದಪ್ಪ ಮರಳಿನ ಗಾರೆ ತುಂಬಿ. ದೊಡ್ಡ ಸಂದಿಗೆ ಚಕಮಕಿ ಚೂರು ಒತ್ತಿ. ಉಷ್ಣತೆ 5 ಡಿಗ್ರಿಗಿಂತ ಇಳಿಯುವ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬಾರದು.

ಪ್ರಶ್ನೆ: ಆ ಕೊಟ್ಟಿಗೆಯ ಮಾಡಿಗೆ ಜೊಂಡು, ಆದರೆ ನೆತ್ತಿಗೆ ಬೇರೆ ಹುಲ್ಲು. ಸೂರಿಗೆ ನೀರಿನ ದೋಣಿಯೂ ಇಲ್ಲ. ಏಕೆ?

ಉತ್ತರ: ಜೊಂಡು ಬಿರುಸು, ನೆತ್ತಿಯ ಮೇಲೆ ಮಡಚಿದರೆ ಮುರಿಯುತ್ತದೆ. ಮಣಿಯುವ ಜೇಕು ಅಲ್ಲಿಗೆ ಸರಿ. ಅದನ್ನು 10-15 ವರ್ಷಕ್ಕೊಮ್ಮೆ ಬದಲಿಸಬೇಕು. ಜೊಂಡು ಅದರ ಹಲವು ಪಟ್ಟು ಬಾಳುತ್ತದೆ, ಇಳಿಜಾರು ಸುಮಾರು 50 ಡಿಗ್ರಿ ಇದ್ದರೆ. ಕಡಿಮೆಯಾದಷ್ಟೂ ನೀರು ನಿಂತು ಕೊಳೆಯುತ್ತದೆ. ದೋಣಿಯ ಬದಲು ದಪ್ಪ ಸೂರು ಮುಂಚಾಚಿ ನೀರನ್ನು ಗೋಡೆಯಿಂದ ಆಚೆಗೆ ಬೀಳಿಸುತ್ತದೆ. ಹಾಗೆ ಬಿದ್ದದ್ದು ಹರಿದುಹೋಗಬೇಕಷ್ಟೆ. ಗೋಡೆಯ ಬುಡಕ್ಕೆ ಮಣ್ಣು ಏರಿದ್ದರೆ ಮೊದಲು ಅದನ್ನು ತೆಗೆಸಿ.

ಪಾಸ್ಟನ್‌ನಲ್ಲಿ ಇನ್ನೊಂದು ತೊಡಕಿದೆ: ಬಾರ್ಬಸ್ಟೆಲ್ ಎಂಬ ಅಪರೂಪದ ಬಾವಲಿಗಳು ಅಲ್ಲಿ ಮರಿ ಹಾಕುತ್ತವೆ. ಬ್ರಿಟನ್ನಿನಲ್ಲಿ ಬಾವಲಿಗಳಿಗೆ ಕಾನೂನಿನ ರಕ್ಷಣೆಯಿರುವುದರಿಂದ, ದುರಸ್ತಿಯ ದಿನ ಗೊತ್ತುಮಾಡುವಾಗ ಅವುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.